27 ಎಚ್‌ಪಿ ಚಿಕ್ಕ ಟ್ರ್ಯಾಕ್ಟರ್‌ಗೆ ಎಸಿ ಕ್ಯಾಬಿನ್ ಹಾಕ್ಸಿ ಒಂದು ಬೆಳೆ ಮುಗೀತು, ಹೇಗೈತೆ ಅಂತ ಕೇಳೋರಿಗೆಲ್ಲ

ನಮ್ದು ಹಿರಿಯೂರು ತಾಲೂಕು, ಒಂಬತ್ತು ಎಕರೆ ದಾಳಿಂಬೆ, ಎಲ್ಲಾ ಭಗವಾ ತಳಿ. ಸಾಲಿಂದ ಸಾಲಿಗೆ 14 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ. ಟ್ರ್ಯಾಕ್ಟರ್ ಕುಬೋಟಾ ನಿಯೋಸ್ಟಾರ್ ಬಿ2741, 27 ಎಚ್‌ಪಿ, ಮೂರು ಸಿಲಿಂಡರ್, ಫೋರ್ ವೀಲ್, ಹಿಂದೆ 600 ಲೀಟರ್ ಟ್ಯಾಂಕಿನ ಎಳೆಯೋ ಬ್ಲೋವರ್, ಅಂದ್ರೆ ದೊಡ್ಡ ಫ್ಯಾನಿನ ಗಾಳೀಲಿ ಔಷಧಿ ಎರಚೋ ಯಂತ್ರ. ಇದಕ್ಕೆ ಹೊರಗಡೆ ಫ್ಯಾಬ್ರಿಕೇಶನ್ ಮಾಡ್ಸಿ ಎಸಿ ಕ್ಯಾಬಿನ್ ಹಾಕ್ಸಿದ್ದೀವಿ, ಈಗ ಒಂದು ಪೂರ್ತಿ ಬೆಳೆ ಅದ್ರಲ್ಲೇ ಔಷಧಿ ಹೊಡೆದಾಯ್ತು. ದಾರೀಲಿ ಹೋಗೋರೆಲ್ಲ ನಿಲ್ಲಿಸಿ ಕೇಳ್ತಾರೆ, ಎಷ್ಟಾಯ್ತು, ತಂಪಾಗ್ತೈತಾ, ಎಂಜಿನ್ ಎಳಿತೈತಾ ಅಂತ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದ್ದೀನಿ, ಉದ್ದ ಆಗ್ತೈತೆ ಆದ್ರೂ ಓದಿ, ಯಾಕಂದ್ರೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದುವರೆಗೂ ಯಾರೂ ಕೇಳಿಲ್ಲ.

ಮೊದ್ಲು ಯಾಕೆ ಹಾಕ್ಸಿದ್ವಿ ಅಂತ ಹೇಳ್ತೀನಿ. ದಾಳಿಂಬೆ ಬೆಳೆಯೋರಿಗೆ ಗೊತ್ತು, ಅಂಗಮಾರಿ ರೋಗ ಒಂದ್ಸಲ ತೋಟಕ್ಕೆ ಹೊಕ್ಕಿದ್ರೆ ವಾರ ಹತ್ತು ದಿನಕ್ಕೊಂದ್ಸಲ ಹೊಡಿಲೇಬೇಕು, ಮಳೆ ಬಂದ್ರೆ ಮಾರನೇ ದಿನಾನೇ ಇಳೀಬೇಕು. ಅದರ ಮೇಲೆ ಥ್ರಿಪ್ಸ್ ಹುಳ, ಹಣ್ಣಿಗೆ ಚುಕ್ಕೆ, ಇನ್ನೊಂದು ಮತ್ತೊಂದು. ಹೋದ ಬೆಳೆಗೆ ನಾವು ಲೆಕ್ಕ ಇಟ್ಟಿದ್ವಿ, 28 ಸಲ ಬ್ಲೋವರ್ ಹಾಕಿದ್ದೀವಿ. ಟ್ರ್ಯಾಕ್ಟರ್ ಮೇಲೆ ಕೂರೋನು ನನ್ನ ತಮ್ಮ. ಬ್ಲೋವರ್ ಫ್ಯಾನು ಹಿಂದೆ ಇರೋದು ಸರಿ, ಆದ್ರೆ ಗಾಳಿ ಒಂಚೂರು ತಿರುಗಿದ್ರೆ ಮಂಜಿನ ಥರ ಅಷ್ಟೂ ಅವನ ಬೆನ್ನಿಗೆ ತಲೆಗೆ ಬಂದು ಕೂರ್ತಿತ್ತು. ಸಾಲು ಮುಗಿಸಿ ತಿರುಗಿಸೋವಾಗಂತೂ ತಾನೇ ಹೊಡೆದ ಮಂಜಿನೊಳಗೆ ತಾನೇ ಹೋಗಬೇಕು. ಬಟ್ಟೆ ಮಾಸ್ಕ್ ಕಟ್ಟಿಕೊಳ್ತಿದ್ದ, ಅದು ಹತ್ತು ನಿಮಿಷಕ್ಕೆ ನೆಂದು ಬಾಯಿಗೆ ಅಂಟ್ಕೊಂಡು ಇನ್ನೂ ಕಷ್ಟ. ಸಂಜೆ ತಲೆನೋವು, ಕಣ್ಣುರಿ, ಊಟ ಸೇರ್ತಿರ್ಲಿಲ್ಲ. ಒಂದಿನ ರಾತ್ರಿ ವಾಂತಿ ಆಗಿ ಕೈ ನಡುಗೋಕೆ ಶುರುವಾಯ್ತು, ಗಾಡಿಗೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ವಿ, ಎರಡು ದಿನ ಇಟ್ಕೊಂಡು ಕಳಿಸಿದ್ರು. ಆ ರಾತ್ರಿ ಆಸ್ಪತ್ರೆ ಬೆಂಚ್ ಮೇಲೆ ಕೂತು ತೀರ್ಮಾನ ಮಾಡಿದೆ, ಇನ್ನು ಇವನನ್ನ ಬರೀ ಮೈಯಲ್ಲಿ ಕೂರ್ಸಲ್ಲ ಅಂತ.

ನಮಗೆ ಗೊತ್ತಿರೋ ಹಾಗೆ ಕಂಪನಿ ಕಡೆಯಿಂದಲೇ ಕ್ಯಾಬಿನ್ ಬರೋ ಟ್ರ್ಯಾಕ್ಟರ್ ಎಲ್ಲಾ ದೊಡ್ಡವು, ನಮ್ಮ ಸಾಲಿಗೆ ಆಗಲ್ಲ, ರೇಟೂ ನಮ್ಮ ಕೈಗೆ ಎಟುಕಲ್ಲ. ಹಂಗಾಗಿ ಹೊರಗೆ ಮಾಡ್ಸೋದೇ ದಾರಿ. ಟ್ರಾಲಿ, ಕ್ಯಾಬಿನ್ ಎಲ್ಲಾ ಮಾಡೋ ಒಂದು ವರ್ಕ್‌ಶಾಪ್‌ಗೆ ಕೊಟ್ವಿ. ಹೆಸರು ಹೇಳಲ್ಲ, ಕೆಲಸ ಕೆಲವು ಚೆನ್ನಾಗಿ ಮಾಡಿದ್ದಾರೆ ಕೆಲವು ಕೆಡಿಸಿದ್ದಾರೆ, ಎರಡೂ ಹೇಳ್ತೀನಿ.

ಅಲ್ಲಿ ಹೋದ ಮೊದಲ ದಿನಾನೇ ಮಾತಿಗೆ ಮಾತು ಬೆಳೀತು. ಸೀಟ್ ಹಿಂದೆ ಮಡಚೋ ಪೈಪ್ ಕಮಾನು ಬರ್ತೈತಲ್ಲ, ರೋಪ್ಸ್ ಅಂತೀವಲ್ಲ, ಅದನ್ನ ಕಟ್ ಮಾಡಿ ಅದೇ ಜಾಗದಲ್ಲಿ ಕ್ಯಾಬಿನ್ ಹಿಂದಿನ ಕಂಬ ನಿಲ್ಲಿಸ್ತೀವಿ, ನೀಟಾಗಿ ಕಾಣ್ತೈತೆ ಅಂದ್ರು. ನಾನು ಆಗಲ್ಲ ಅಂದೆ. ದಯವಿಟ್ಟು ನೀವೂ ಒಪ್ಪಬೇಡಿ. ಟ್ರ್ಯಾಕ್ಟರ್ ಪಲ್ಟಿ ಆದ್ರೆ ಜೀವ ಉಳಿಸೋಕೆ ಅಂತ ಲೆಕ್ಕ ಹಾಕಿ ಪರೀಕ್ಷೆ ಮಾಡಿ ಕೊಟ್ಟಿರೋ ಪಾರ್ಟ್ ಅದೊಂದೇ. ಈ ಕ್ಯಾಬಿನ್ ಒಂದೂವರೆ ಇಂಚಿನ ಚೌಕ ಪೈಪು, ಮೇಲೆ ತಗಡು, ನೋಡಕ್ಕೆ ಗಟ್ಟಿ, ಆದ್ರೆ ಟ್ರ್ಯಾಕ್ಟರ್ ಮಗುಚಿದಾಗ ತಡಿತೈತೆ ಅಂತ ಯಾವ ಪರೀಕ್ಷೆನೂ ಇದಕ್ಕೆ ಆಗಿಲ್ಲ. ರೋಪ್ಸ್‌ಗೆ ತೂತು ಕೊರಿಯೋದೂ ಬೇಡ, ವೆಲ್ಡಿಂಗ್ ಮಾಡೋದೂ ಬೇಡ, ಬಿಸಿ ತಾಗಿದ ಜಾಗದಲ್ಲಿ ಕಬ್ಬಿಣದ ಗುಣಾನೇ ಬದಲಾಗ್ತೈತೆ. ಕೊನೆಗೆ ಕಮಾನು ಎತ್ತಿ ನಿಲ್ಲಿಸಿ ಲಾಕ್ ಮಾಡಿ, ಅದರ ಸುತ್ತ ಕ್ಲಾಂಪ್ ಹಾಕಿ, ಕ್ಯಾಬಿನ್ನನ್ನ ಅದರ ಹೊರಗಡೆಯಿಂದ ಕೂರಿಸಿದ್ರು. ಸ್ವಲ್ಪ ಗೂಡು ಗೂಡಾಗಿ ಕಾಣ್ತೈತೆ, ಇರ್ಲಿ. ಸೀಟ್ ಬೆಲ್ಟ್ ಹಂಗೇ ಐತೆ, ತಮ್ಮ ಹಾಕ್ಕೊಂಡೇ ಓಡಿಸ್ತಾನೆ.

ತೂಕದ ಬಗ್ಗೆ ಯಾರೂ ಯೋಚನೆ ಮಾಡಲ್ಲ. ವರ್ಕ್‌ಶಾಪಲ್ಲಿ ಬಿಡೋಕೆ ಮುಂಚೆ ಗಾಡೀನ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ್ದೆ, ಡೀಸೆಲ್ ತುಂಬಿ 690 ಕೆಜಿ ತೋರಿಸ್ತು. ಕ್ಯಾಬಿನ್ ಹಾಕಿದ ಮೇಲೆ ಅದೇ ಬ್ರಿಡ್ಜಲ್ಲಿ 900. ಅಂದ್ರೆ 210 ಕೆಜಿ, ಗಾಡಿಯ ತೂಕದಲ್ಲಿ ಮೂರನೇ ಒಂದು ಭಾಗದ ಹತ್ತಿರ, ಅದೂ ಎಲ್ಲಾ ಮೇಲ್ಗಡೆ. ನೆತ್ತಿ ಮೇಲೆ ಎಸಿಯ ಬಿಸಿ ಹೊರಹಾಕೋ ಕಂಡೆನ್ಸರ್ ಬೇರೆ. ಮೂರೂವರೆ ಅಡಿ ಅಗಲದ ಗಾಡಿ ಇದು, ಇಳಿಜಾರಲ್ಲಿ ಅಡ್ಡ ಓಡಿಸಿದ್ರೆ ವಾಲೋದು ಗೊತ್ತಾಗ್ತೈತೆ. ನಮ್ಮ ತೋಟ ಸಮತಟ್ಟು, ಬದು ದಾಟೋ ಒಂದು ಜಾಗದಲ್ಲಿ ಮಾತ್ರ ಇಳಿಜಾರಿತ್ತು, ಅಲ್ಲಿ ಜೆಸಿಬಿಯಿಂದ ಮಣ್ಣು ಹಾಕ್ಸಿ ದಾರಿ ಅಗಲ ಮಾಡ್ಸಿದ್ವಿ. ಹಿಂದಿನ ಚಕ್ರನ ರಿಮ್ ತಿರುಗಿಸಿ ಎಷ್ಟು ಅಗಲ ಆಗ್ತೈತೋ ಅಷ್ಟು ಮಾಡಿದ್ವಿ. ಗುಡ್ಡದ ಬದಿ ತೋಟ ಇರೋರು, ಬದು ಜಾಸ್ತಿ ಇರೋರು ಈ ಸಾಹಸ ಮಾಡ್ಲೇಬೇಡಿ, ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ.

ಎತ್ತರ ಈಗ ಎಂಟು ಅಡಿ ಹತ್ತಿರ. ಶೆಡ್ ಬಾಗಿಲ ಮೇಲಿನ ಪಟ್ಟಿ ಎತ್ತಿಸಬೇಕಾಯ್ತು. ಅದಕ್ಕಿಂತ ಮುಖ್ಯ, ಬೋರ್‌ವೆಲ್ ಮನೆಗೆ ಹೋಗೋ ಸರ್ವಿಸ್ ವೈರು ಜೋತು ಬಿದ್ದಿತ್ತು, ಅದನ್ನ ಮೊದಲು ಎತ್ತಿ ಕಟ್ಟಿಸಿದ್ಮೇಲೇ ಗಾಡಿ ತೋಟಕ್ಕೆ ಇಳಿಸಿದ್ದು.

ಈಗ ಎಸಿ. ತಂಪಾಗ್ತೈತಾ ಅಂದ್ರೆ ಆಗ್ತೈತೆ, ಚೆನ್ನಾಗೇ ಆಗ್ತೈತೆ. ಪಿಟಿಒ, ಅಂದ್ರೆ ಹಿಂದಿನ ಯಂತ್ರಕ್ಕೆ ಎಂಜಿನ್ ಶಕ್ತಿ ಕೊಡೋ ಶಾಫ್ಟು, ಹಾಕಿ ಎಂಜಿನ್ ಏರಿಸಿಕೊಂಡು ಹೊಡಿಯೋವಾಗ ಕಂಪ್ರೆಸರೂ ಚೆನ್ನಾಗಿ ತಿರುಗ್ತೈತೆ, ಐದು ನಿಮಿಷಕ್ಕೆ ಒಳಗೆ ಹಾಯ್ ಅನ್ಸುತ್ತೆ. ನಿಲ್ಲಿಸಿ ಐಡ್ಲಲ್ಲಿ ಬಿಟ್ರೆ ಬಿಸಿ ಗಾಳಿ ಬರೋಕೆ ಶುರು. ಸುತ್ತ ಗಾಜು ಅಲ್ವಾ, ಏಪ್ರಿಲ್ ಬಿಸಿಲಲ್ಲಿ ಎಸಿ ಕೆಟ್ರೆ ಒಳಗೆ ಐದು ನಿಮಿಷ ಕೂರಕ್ಕಾಗಲ್ಲ, ಇದು ನೆನಪಿರ್ಲಿ. ಎಂಜಿನ್ ಮೇಲೆ ಭಾರ ಬೀಳೋದು ನಿಜ. 27 ಎಚ್‌ಪಿ ಅನ್ನೋದು ಎಂಜಿನ್ ಲೆಕ್ಕ, ಪಿಟಿಒಗೆ ಬರೋದು 19 ಚಿಲ್ಲರೆ ಅಷ್ಟೇ, ಅದ್ರಲ್ಲಿ ಕಂಪ್ರೆಸರ್ ಎರಡು ಮೂರು ಎಚ್‌ಪಿ ತಿಂದ್ರೆ ಬ್ಲೋವರ್‌ಗೆ ಏನು ಉಳಿತೈತೆ ಲೆಕ್ಕ ಹಾಕಿ. ಬ್ಲೋವರ್ ಫ್ಯಾನ್‌ಗೆ ಎರಡು ಗೇರ್ ಐತೆ, ಈಗ ಸಣ್ಣ ಗೇರಲ್ಲೇ ಹೊಡಿತೀವಿ, ನಮ್ಮ ಗಿಡದ ಎತ್ತರಕ್ಕೆ ಸಾಕು. ದೊಡ್ಡ ಗೇರ್ ಹಾಕಿದ್ರೆ ಎಂಜಿನ್ ಉಸಿರು ಕಟ್ಟಿದಂಗೆ ಮಾಡ್ತೈತೆ. ಡೀಸೆಲ್ ನಮ್ಮ ಲೆಕ್ಕದಲ್ಲಿ ಗಂಟೆಗೆ ಅರ್ಧ ಲೀಟರ್ ಹತ್ತಿರ ಜಾಸ್ತಿ ಆಗೈತೆ.

ಎಸಿ ಕೂರ್ಸಿದ ಕೆಲಸದಲ್ಲಿ ವರ್ಕ್‌ಶಾಪ್‌ನೋರು ಎರಡು ತಪ್ಪು ಮಾಡಿದ್ರು. ಒಂದು, ಕಂಪ್ರೆಸರ್ ಬ್ರಾಕೆಟ್ ಒಂದೆಳೆ ಓರೆ. ಕಣ್ಣಿಗೆ ಕಾಣಲ್ಲ. ಮೂರನೇ ವಾರ ಬಾನೆಟ್ ಎತ್ತಿದ್ರೆ ರೇಡಿಯೇಟರ್ ಪಕ್ಕ ಎಲ್ಲಾ ಕಾಡಿಗೆ ಚೆಲ್ಲಿದಂಗೆ ಕರಿ ಪುಡಿ, ಬೆರಳಲ್ಲಿ ಉಜ್ಜಿ ನೋಡಿದ್ರೆ ರಬ್ಬರ್. ಬೆಲ್ಟ್ ಒಂದು ಅಂಚು ಸವೆದು ನೂಲು ಹೊರಗೆ ಬಂದಿತ್ತು. ಎರಡು ಪುಲ್ಲಿ ಮೇಲೆ ಉದ್ದ ಪಟ್ಟಿ ಇಟ್ಟು ನೋಡಿದ್ರೆ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ವಾಷರ್ ಹಾಕಿ ಸರಿ ಮಾಡಿದ್ಮೇಲೆ ಆ ಬೆಲ್ಟು ಇವತ್ತಿಗೂ ಹಂಗೇ ಐತೆ. ಎರಡನೇದು, ಆಲ್ಟರ್ನೇಟರ್. ಚಿಕ್ಕ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಲೈಟು ಹಾರನ್ನಿಗೆ ಅಂತ ಇರೋದು, ಅದರ ಮೇಲೆ ಕಂಡೆನ್ಸರ್ ಫ್ಯಾನ್ ಎರಡು, ಎಸಿಯ ಒಳಗಿನ ಫ್ಯಾನು, ವೈಪರ್ ಎಲ್ಲಾ ಹೇರಿದ್ರು. ಬೆಳಗಿನ ಜಾವ ಲೈಟ್ ಹಾಕ್ಕೊಂಡು ಹೊಡಿಯೋಕೆ ಹೋದ್ರೆ ಹೆಡ್‌ಲೈಟು ಎಣ್ಣೆ ಮುಗಿದ ದೀಪದ ಥರ ಮಂಕಾಗ್ತಿತ್ತು, ನಾಲ್ಕನೇ ದಿನ ಸ್ಟಾರ್ಟೇ ಆಗ್ಲಿಲ್ಲ. ದೊಡ್ಡ ಆಲ್ಟರ್ನೇಟರ್ ಹಾಕ್ಸಿದ್ವಿ. ಆರ್ಡರ್ ಕೊಡೋ ಮೊದಲೇ ಇದನ್ನ ಕೇಳಿ, ಎಷ್ಟು ಆಂಪಿಯರ್ ಬೇಕಾಗ್ತೈತೆ, ಗಾಡೀಲಿ ಎಷ್ಟು ಐತೆ ಅಂತ.

ಈಗ ಯಾರೂ ಕೇಳದೇ ಇರೋ ಪ್ರಶ್ನೆಗೆ ಬರ್ತೀನಿ. ಔಷಧಿ ಒಳಗೆ ಬರಲ್ವಾ?

ನಾನೂ ಬರಲ್ಲ ಅಂತಲೇ ನಂಬಿದ್ದೆ. ಸುತ್ತ ಗಾಜು, ಬಾಗಿಲಿಗೆ ಬೀಡಿಂಗ್ ರಬ್ಬರು, ಎಸಿ, ಇನ್ನೇನು ಅಂತ. ಮೊದಲನೇ ಸಲ ಹೊಡೆದು ಬಂದಾಗ ತಮ್ಮನ ಮುಖದಲ್ಲಿ ನಗು ಇತ್ತು, ಬಟ್ಟೆ ಒಣಗಿತ್ತು. ಎರಡನೇ ಸಲ ಕೀಟನಾಶಕ ಹೊಡಿಯೋವಾಗ ಅಣ್ಣಾ ಒಳಗೆ ವಾಸನೆ ಬರ್ತೈತೆ ಅಂದ. ಹೊರಗಡೆಗಿಂತ ಕಡಿಮೆ, ಆದ್ರೆ ಬರ್ತೈತೆ, ಅರ್ಧ ಗಂಟೆ ಆದ್ರೂ ಹೋಗಲ್ಲ ಅಂತ. ಅವತ್ತು ಸಂಜೆ ದೇವರ ಮನೆಯಿಂದ ಊದುಬತ್ತಿ ತಂದು ಹಚ್ಕೊಂಡು, ಗಾಡಿ ಸ್ಟಾರ್ಟ್ ಮಾಡಿ ಎಸಿ ಫುಲ್ ಇಟ್ಟು, ಹೊರಗಡೆ ನಿಂತು ಬಾಗಿಲ ಸಂದಿ ಹತ್ರ ಹಿಡಿದೆ. ಹೊಗೆ ಎಳೆ ನೆಟ್ಟಗೆ ಮೇಲೆ ಹೋಗ್ತಿದ್ದದ್ದು ಸಂದಿ ಹತ್ರ ಬಂದ ತಕ್ಷಣ ಬಗ್ಗಿ ಒಳಗೆ ಹೋಯ್ತು. ಕ್ಲಚ್ ಪೆಡಲ್ ಕೆಳಗಿನ ತೂತಿನ ಹತ್ರಾನೂ ಹಂಗೇ, ಲಿಫ್ಟ್ ಲಿವರ್ ಹತ್ರಾನೂ ಹಂಗೇ. ಅಂದ್ರೆ ಕ್ಯಾಬಿನ್ನು ಹೊರಗಿನ ಗಾಳೀನ ಎಲ್ಲಾ ಸಂದಿಯಿಂದ ಎಳ್ಕೊಳ್ತಿತ್ತು.

ಕಾರಣ ಏನಂದ್ರೆ, ಇಂಥ ಎಸಿ ಒಳಗಿನ ಗಾಳೀನೇ ತಿರುಗಿಸಿ ತಿರುಗಿಸಿ ತಂಪು ಮಾಡೋದು, ಹೊಸ ಗಾಳಿ ಬರೋಕೆ ದಾರೀನೇ ಇಟ್ಟಿರಲ್ಲ. ನಮ್ದರಲ್ಲಿ ಎಸಿ ಪೆಟ್ಟಿಗೆ ಗಾಳಿ ತಳ್ಳೋ ಜಾಗದಲ್ಲೇ ಹೊರಗೆ ಸೋರೋ ಸಂದಿ ಇತ್ತು, ಸೋರಿದಷ್ಟು ಗಾಳಿ ಬೇರೆ ಸಂದಿಗಳಿಂದ ಒಳಗೆ ಬರ್ತಿತ್ತು. ಔಷಧಿಯಿಂದ ಕಾಪಾಡೋ ಕ್ಯಾಬಿನ್ ಬೇಕಂದ್ರೆ ಉಲ್ಟಾ ಆಗಬೇಕು, ಫಿಲ್ಟರ್ ಆದ ಹೊಸ ಗಾಳೀನ ಒಂದು ಫ್ಯಾನು ಒಳಗೆ ತಳ್ಳುತ್ತಾ ಇರಬೇಕು, ಒಳಗಿನ ಒತ್ತಡ ಹೊರಗಿನದಕ್ಕಿಂತ ಜಾಸ್ತಿ ಇರಬೇಕು, ಆಗ ಸಂದಿ ಇದ್ರೂ ಗಾಳಿ ಒಳಗಿಂದ ಹೊರಗೆ ಹೋಗ್ತೈತೆ, ಹೊರಗಿನದು ಒಳಗೆ ಬರಲ್ಲ. ಯುರೋಪಲ್ಲಿ ಇದಕ್ಕೆ ಇಎನ್ 15695 ಅಂತ ಒಂದು ಸ್ಟ್ಯಾಂಡರ್ಡೇ ಐತೆ. ಅದ್ರಲ್ಲಿ ಕ್ಯಾಬಿನ್ನಿಗೆ ನಾಲ್ಕು ದರ್ಜೆ. ಒಂದನೇ ದರ್ಜೆ ಅಂದ್ರೆ ಯಾವ ರಕ್ಷಣೆನೂ ಇಲ್ಲ, ಎರಡನೇದು ಬರೀ ಧೂಳಿಗೆ, ಮೂರನೇದು ಧೂಳು ಮತ್ತೆ ಸ್ಪ್ರೇ ಹನಿಗೆ, ನಾಲ್ಕನೇದು ಧೂಳು, ಹನಿ, ಆವಿ ಮೂರಕ್ಕೂ. ಮೂರು ನಾಲ್ಕನೇ ದರ್ಜೆಗೆ ಒಳಗೆ ಕನಿಷ್ಠ 20 ಪಾಸ್ಕಲ್ ಒತ್ತಡ ಜಾಸ್ತಿ ಇರಬೇಕು ಅಂತ ಐತೆ. ಆ ಲೆಕ್ಕದಲ್ಲಿ ನಾನು ಎರಡು ಲಕ್ಷ ಚಿಲ್ಲರೆ ಕೊಟ್ಟು ತಂದಿದ್ದು ಒಂದನೇ ದರ್ಜೆ ಕ್ಯಾಬಿನ್. ಇದು ಗೊತ್ತಾದಾಗ ಹೊಟ್ಟೆ ತೊಳಸಿದಂಗಾಯ್ತು, ಯಾಕಂದ್ರೆ ಎಸಿ ಐತೆ ಅಂತ ತಮ್ಮ ಮಾಸ್ಕೂ ಬಿಟ್ಟಿದ್ದ. ಮುಚ್ಚಿದ ಗೂಡೊಳಗೆ ಮಾಸ್ಕ್ ಇಲ್ದೆ ಅದೇ ಗಾಳಿ ಮತ್ತೆ ಮತ್ತೆ ಉಸಿರಾಡೋದು ಬಯಲಲ್ಲಿ ಕೂತಿದ್ದಕ್ಕಿಂತ ಹೇಗೆ ಒಳ್ಳೇದಾಗ್ತೈತೆ ಹೇಳಿ.

ಮಾಡಿದ್ದೇನಂದ್ರೆ, ಚಾವಣಿ ಮುಂದಿನ ಭಾಗದಲ್ಲಿ, ಬ್ಲೋವರ್‌ನಿಂದ ಎಷ್ಟು ದೂರ ಆಗ್ತೈತೋ ಅಷ್ಟು ದೂರ, ಒಂದು ಪೆಟ್ಟಿಗೆ ಕಟ್ಟಿಸಿದ್ವಿ. ಅದರೊಳಗೆ ಮೊದಲು ಧೂಳಿನ ಪೇಪರ್ ಫಿಲ್ಟರ್, ಆಮೇಲೆ ಸಣ್ಣ ಹನಿ ತಡಿಯೋ ಹೆಪಾ ಫಿಲ್ಟರ್, ಕೊನೆಗೆ ಆವಿ ಹೀರೋ ದಪ್ಪನೆ ಹಾಸಿನ ಆಕ್ಟಿವೇಟೆಡ್ ಕಾರ್ಬನ್, ಹಿಂದೆ 12 ವೋಲ್ಟ್ ಫ್ಯಾನು. ಕಾರಿನ ಎಸಿಗೆ ಹಾಕೋ ತೆಳ್ಳನೆ ಕಾರ್ಬನ್ ಫಿಲ್ಟರ್ ಸಾಕು ಅಂತ ಅಂಗಡಿಯವರು ಹೇಳ್ತಾರೆ, ಅದು ರಸ್ತೆ ವಾಸನೆಗೆ ಮಾಡಿದ್ದು, ಕೀಟನಾಶಕದ ಆವಿಗಲ್ಲ. ಪೆಡಲ್ ಲಿವರ್ ತೂತಿಗೆಲ್ಲ ರಬ್ಬರ್ ಬೂಟ್ ಹಾಕಿ, ತಗಡು ಕೂಡೋ ಕಡೆ ಎಲ್ಲಾ ಸೀಲೆಂಟ್ ತುಂಬಿದ್ವಿ. ಎಸಿ ಪೆಟ್ಟಿಗೆಗೆ ಸಪರೇಟ್ ಸೀಲ್. ಎರಡು ದಿನ ಹಿಡೀತು.

ಆಮೇಲೆ ಅಳತೆ ಮಾಡಿದ್ವಿ. 20 ಪಾಸ್ಕಲ್ ಅಂದ್ರೆ ನೀರಿನ ಲೆಕ್ಕದಲ್ಲಿ ಎರಡು ಮಿಲಿಮೀಟರ್. ಗಾರೆ ಕೆಲಸದೋರ ಲೆವೆಲ್ ಪೈಪ್ ತಗೊಂಡು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ನೀರಿಗೆ ಚಿಟಿಕೆ ಕುಂಕುಮ ಕಲಸಿ ಹಾಕಿ, ಒಂದು ತುದಿ ಕ್ಯಾಬಿನ್ ಒಳಗೆ ಬಿಟ್ಟು ಇನ್ನೊಂದು ತುದಿ ಸಣ್ಣ ತೂತಿಂದ ಹೊರಗೆ ಹಾಕಿ ಸುತ್ತ ಮೇಣ ಮೆತ್ತಿದ್ವಿ. ಫ್ಯಾನ್ ಆನ್ ಮಾಡಿದ್ರೆ ಒಳಗಿನ ಕಡೆ ನೀರು ಇಳಿದು ಹೊರಗಿನ ಕಡೆ ಏರ್ತು, ಸ್ಕೇಲ್ ಇಟ್ಟು ನೋಡಿದ್ರೆ ಮೂರು ಮಿಲಿಮೀಟರ್ ಹತ್ತಿರ. ಬಾಗಿಲು ಒಂದು ಬೆರಳಷ್ಟು ತೆಗೆದ್ರೆ ಸೊನ್ನೆ. ಊದುಬತ್ತಿ ಹಿಡಿದ್ರೆ ಈಗ ಹೊಗೆ ಸಂದಿಯಿಂದ ಆಚೆ ತಳ್ಳಿದಂಗೆ ಹೋಗ್ತೈತೆ. ಇದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ, ನಾಲ್ಕನೇ ದರ್ಜೆ ಅಂತ ನಾನು ಹೇಳ್ಕೊಳಲ್ಲ, ಅದಕ್ಕೇ ವಿಷ ಜಾಸ್ತಿ ಇರೋದು ಹೊಡಿಯೋವಾಗ ತಮ್ಮ ಈಗ್ಲೂ ಒಳಗೆ ವಿಷದ ಗಾಳಿ ಸೋಸೋ ಕಾರ್ಟ್ರಿಜ್ ಇರೋ ಮಾಸ್ಕ್ ಹಾಕ್ತಾನೆ. ಬೋರ್ಡೋ, ಅಂದ್ರೆ ಸುಣ್ಣ ಮೈಲುತುತ್ತದ ದ್ರಾವಣ, ಹೊಡಿಯೋ ದಿನ ಬರೀ ಕ್ಯಾಬಿನ್. ಕಾರ್ಬನ್ ಫಿಲ್ಟರ್ ತೊಳಿಯೋದಲ್ಲ, ಗಾಳಿ ಹೊಡೆದು ಸ್ವಚ್ಛ ಮಾಡೋದೂ ಅಲ್ಲ, ತುಂಬಿತು ಅಂದ್ರೆ ಬದಲಾಯಿಸೋದೇ. ಔಷಧಿ ಇಲ್ಲದ ದಿನ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಡ್ತೀವಿ, ಸುಮ್ನೆ ಬಿಟ್ರೂ ಗಾಳೀಲಿರೋದನ್ನೆಲ್ಲ ಹೀರ್ಕೊಂಡು ಮುಗಿದು ಹೋಗ್ತೈತೆ.

ಇನ್ನೊಂದು ವಿಷಯ ಬಿಟ್ಟಿದ್ದೆ, ಇದು ವರ್ಕ್‌ಶಾಪ್‌ನೋರು ಮಾಡಿದ ದೊಡ್ಡ ತಪ್ಪು. ಬ್ಲೋವರ್ ಕಂಟ್ರೋಲ್ ಕೈಗೆ ಸಿಗಬೇಕಲ್ಲ ಅಂತ, ಔಷಧಿ ಹೋಗೋ ಪ್ರೆಶರ್ ಪೈಪ್, ವಾಲ್ವ್, ಪ್ರೆಶರ್ ಗೇಜ್ ಎಲ್ಲಾ ಕ್ಯಾಬಿನ್ ಒಳಗೆ ಸೀಟ್ ಪಕ್ಕ ತಂದು ಕೂರ್ಸಿದ್ರು. ನಾನೂ ಅನುಕೂಲ ಆಯ್ತು ಅಂದ್ಕೊಂಡೆ. ಒಂದಿನ ಗೇಜ್ ಬುಡದಲ್ಲಿ ಹನಿ ಹನಿ ಸೋರಿ ನೆಲದ ಮ್ಯಾಟ್ ನೀಲಿ ಆಗಿತ್ತು. ಆ ಪೈಪೇನಾದ್ರೂ ಒಡೆದಿದ್ರೆ ಮುಚ್ಚಿದ ಕ್ಯಾಬಿನ್ನಲ್ಲಿ ಪೂರ್ತಿ ಪ್ರೆಶರಲ್ಲಿ ಮುಖಕ್ಕೆ ಹೊಡೀತಿತ್ತು, ನೆನೆಸಿಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ. ಔಷಧಿ ಹರಿಯೋ ಯಾವ ಪೈಪೂ ಒಳಗೆ ಇರಬಾರದು. ಈಗ ಎಲ್ಲಾ ಹೊರಗೆ, ಎಡ ಬಲ ಆನ್ ಆಫ್ ಮಾಡೋಕೆ ಕರೆಂಟಲ್ಲಿ ತೆರೆದು ಮುಚ್ಚೋ ಸೊಲೆನಾಯ್ಡ್ ವಾಲ್ವ್, ಒಳಗೆ ಬರೀ ಎರಡು ಸ್ವಿಚ್ಚು. ಗೇಜು ಹಿಂದಿನ ಗಾಜಿನ ಆಚೆ, ದೊಡ್ಡ ಡಯಲ್ದು, ತಿರುಗಿ ನೋಡಿದ್ರೆ ಕಾಣ್ತೈತೆ.

ಚೆನ್ನಾಗಿ ಮಾಡಿದ್ದೂ ಹೇಳ್ಬೇಕು. ಗಾಜೆಲ್ಲ ಟಫನ್ಡ್ ಹಾಕಿದ್ದಾರೆ, ಅಕ್ರಿಲಿಕ್ ಶೀಟ್ ಹಾಕಿಲ್ಲ. ಅಕ್ರಿಲಿಕ್ ಹಾಕ್ಸಿದ ಪರಿಚಯದೋರ ಗಾಡಿ ನೋಡಿದ್ದೀನಿ, ಆರು ತಿಂಗಳಿಗೆ ಗೀಚು ಬಿದ್ದು ಮಂಜು ಕವಿದ ಹಾಗಿತ್ತು. ಸುಣ್ಣ ಮೈಲುತುತ್ತ ಒಣಗೋಕೆ ಮುಂಚೆ ಪೈಪ್ ನೀರು ಹಾಯಿಸಿ ಮೆತ್ತನೆ ಬಟ್ಟೇಲಿ ಒರೆಸಿದ್ರೆ ಗಾಜು ಹೊಸದರ ಹಾಗೆ. ಹಿಂದಿನ ಗಾಜಿಗೂ ವೈಪರ್ ಕೊಟ್ಟಿದ್ದಾರೆ, ಅದು ಅವರೇ ಯೋಚನೆ ಮಾಡಿ ಹಾಕಿದ್ದು, ಬಹಳ ಉಪಯೋಗ. ಮೂಲೆಗಳನ್ನ ಗುಂಡಾಗಿ ಬಗ್ಗಿಸಿದ್ದಾರೆ, ದಾಳಿಂಬೆ ಕೊಂಬೆ ಸಿಕ್ಕಿಹಾಕ್ಕೊಳಲ್ಲ, ಜಾರಿ ಹೋಗ್ತೈತೆ. ಆದ್ರೂ ಮುಳ್ಳು ಬಿಡ್ಬೇಕಲ್ಲ, ಎಡಗಡೆ ಕನ್ನಡಿ ಮೊದಲನೇ ವಾರಾನೇ ಕಿತ್ಕೊಂಡು ಹೋಯ್ತು, ಬಾಗಿಲ ಬೀಡಿಂಗ್ ರಬ್ಬರು ಎರಡು ಕಡೆ ಹರೀತು. ಬೀಡಿಂಗ್ ಹರಿದ್ರೆ ಒತ್ತಡ ನಿಲ್ಲಲ್ಲ, ಹಂಗಾಗಿ ಪ್ರತಿ ಸಲ ಇಳಿಯೋ ಮುಂಚೆ ಬೆರಳಾಡಿಸಿ ನೋಡೋದು ಅಭ್ಯಾಸ ಆಗೈತೆ. ಬಾಗಿಲ ಮುಂದೆ ಒಂದು ಬಗ್ಗಿಸಿದ ಪೈಪ್ ಹಾಕ್ಸಿದ್ವಿ, ಕೊಂಬೆನ ಅದೇ ಪಕ್ಕಕ್ಕೆ ಸರಿಸ್ತೈತೆ.

ಶಬ್ದ ಮೊದಲು ಸಿಕ್ಕಾಪಟ್ಟೆ ಇತ್ತು. ತಗಡಿನ ಡಬ್ಬದೊಳಗೆ ಕೂತು ತಮಟೆ ಬಾರಿಸಿದಂಗೆ, ಕ್ಯಾಬಿನ್ ಇಲ್ಲದಾಗಲೇ ಇದಕ್ಕಿಂತ ಕಡಿಮೆ ಇತ್ತು. ಕ್ಯಾಬಿನ್ನನ್ನ ನೇರ ಬೋಲ್ಟ್ ಮಾಡಿದ್ರು, ಮಧ್ಯೆ ರಬ್ಬರ್ ಮೌಂಟ್ ಹಾಕಿ ನೆಲಕ್ಕೆ ದಪ್ಪ ರಬ್ಬರ್ ಶೀಟ್ ಅಂಟಿಸಿದ್ಮೇಲೆ ಒಳಗೆ ಕೂತು ಫೋನಲ್ಲಿ ಮಾತಾಡೋ ಅಷ್ಟು ಕಡಿಮೆ ಆಯ್ತು.

ಕಾಗದ ಪತ್ರ ಮರೀಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸೀಲಿ ಇರೋ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋಹಂಗಿಲ್ಲ. ತೂಕ, ಎತ್ತರ ಎಲ್ಲಾ ಬದಲಾಗ್ತೈತೆ, ಹಂಗಾಗಿ ಮಾಡ್ಸೋಕೆ ಮುಂಚೆ ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನೋರ ಹತ್ರ, ಗಾಡಿ ತಗೊಂಡ ಡೀಲರ್ ಹತ್ರ ವಾರಂಟಿ ಬಗ್ಗೆ ಕೇಳಿ ಬರಹದಲ್ಲೇ ಇಸ್ಕೊಳ್ಳಿ.

ಖರ್ಚು ನಂದು ಹೀಗೆ. ಕ್ಯಾಬಿನ್ನು ಎಸಿ ಸೇರಿ 2,15,000. ಆಲ್ಟರ್ನೇಟರ್ 7,500. ಫಿಲ್ಟರ್ ಪೆಟ್ಟಿಗೆ, ಫ್ಯಾನು, ಸೀಲ್ ಎಲ್ಲಾ ಸೇರಿ 31,000. ಸೊಲೆನಾಯ್ಡ್ ಕೆಲಸ 14,000. ರಬ್ಬರ್ ಮೌಂಟು, ಶೆಡ್ ಬಾಗಿಲು, ಚಿಲ್ಲರೆ ಇನ್ನೊಂದು 18,000. ಹತ್ತಿರ ಹತ್ತಿರ ಮೂರು ಲಕ್ಷ ಅಂದ್ಕೊಳ್ಳಿ. ಎರಡು ಎಕರೆ ತೋಟಕ್ಕೆ ಈ ಖರ್ಚು ಮಾಡಿ ಅಂತ ನಾನು ಹೇಳಲ್ಲ, ಅಷ್ಟು ದುಡ್ಡಿಲ್ಲದೋರು ಮೊದಲು ಒಳ್ಳೆ ಕಂಪನಿ ಕಾರ್ಟ್ರಿಜ್ ಮಾಸ್ಕು, ಮೈ ತುಂಬ ಮುಚ್ಚೋ ಕೋಟು, ಕೈಗೆ ರಬ್ಬರ್ ಗ್ಲೌಸು ತಗೊಳ್ಳಿ, ಅದು ಕೆಲವೇ ಸಾವಿರದಲ್ಲಿ ಆಗ್ತೈತೆ, ಬರೀ ಎಸಿ ಇರೋ ಕ್ಯಾಬಿನ್‌ಗಿಂತ ಸಾವಿರ ಪಾಲು ವಾಸಿ. ಕ್ಯಾಬಿನ್ ಇದ್ರೂ ಔಷಧಿ ಕಲಸೋವಾಗ ಅವೆಲ್ಲ ಬೇಕೇ ಬೇಕು, ಡಬ್ಬಿಯಿಂದ ಟ್ಯಾಂಕಿಗೆ ಸುರಿಯೋವಾಗ ಕೈಲಿರೋದು ನೀರು ಬೆರೆಸದ ಗಟ್ಟಿ ವಿಷ. ಕಲಸಿದ್ಮೇಲೆ ಗ್ಲೌಸು ಕೋಟು ಹೊರಗೇ ತೆಗೆದು, ಕೈ ತೊಳ್ಕೊಂಡು, ಆಮೇಲೆ ಒಳಗೆ ಹತ್ತಬೇಕು. ಅದೇ ಗ್ಲೌಸಲ್ಲಿ ಸ್ಟೇರಿಂಗ್ ಹಿಡಿದ್ರೆ ಫಿಲ್ಟರ್ ಇದ್ದೂ ಪ್ರಯೋಜನ ಇಲ್ಲ, ಇದನ್ನ ತಮ್ಮನಿಗೆ ಹೇಳಿ ಹೇಳಿ ರೂಢಿ ಮಾಡ್ಸಿದ್ದೀನಿ, ಬಾಗಿಲ ಪಕ್ಕ ಹೊರಗಡೆ ಐದು ಲೀಟರ್ ನೀರಿನ ಕ್ಯಾನು, ಸೋಪು ಕಟ್ಟಿಟ್ಟೈತೆ.

ಈ ಬೆಳೆಗೆ 26 ಸಲ ಹೊಡೆದಿದ್ದಾನೆ. ಫಿಲ್ಟರ್ ಪೆಟ್ಟಿಗೆ ಹಾಕಿದ್ಮೇಲೆ ಒಂದ್ಸಲಾನೂ ತಲೆನೋವು ಅಂದಿಲ್ಲ, ಸಂಜೆ ಬಂದು ಕೂತು ರೊಟ್ಟಿ ತಿಂತಾನೆ, ಅಮ್ಮ ಇನ್ನೊಂದು ಹಾಕ್ತಾಳೆ. ಯಾರಾದ್ರೂ ಮಾಡ್ಸೋ ಯೋಚನೇಲಿದ್ರೆ, ವರ್ಕ್‌ಶಾಪ್‌ಗೆ ಗಾಡಿ ನೋಡಕ್ಕೆ ಹೋಗೋವಾಗ ಜೇಬಲ್ಲಿ ಒಂದು ಊದುಬತ್ತಿ, ಬೆಂಕಿಪೊಟ್ಟಣ ಇಟ್ಕೊಂಡು ಹೋಗಿ, ಎಸಿ ಹಾಕ್ಸಿ ಬಾಗಿಲ ಸಂದಿಗೆ ಹಿಡಿದು ನೋಡಿ. ಹೊಗೆ ಒಳಗೆ ಹೋದ್ರೆ ಅಡ್ವಾನ್ಸ್ ಕೊಡ್ಬೇಡಿ.